ಮಾತಾಡದವನಿಗೆ ನೂರೆಂಟು ಹೆಸರು

ಪಡೆದ ಸಾಲವನ್ನು ನುಂಗಿ ಕೂತವನನ್ನು ಸಮಾಜ ಒಂದಲ್ಲ ಒಂದು ದಿನ ಕ್ಷಮಿಸುತ್ತದೆ. ಆದರೆ ಕರೆದ ಸಮಾರಂಭಕ್ಕೆ ಬಾರದವನನ್ನು, ಬಂದರೂ ಗೋಡೆಯ ಪಕ್ಕದ ಕುರ್ಚಿ ಹಿಡಿದು, ಎಲ್ಲರಿಗಿಂತ ಮೊದಲೇ ಎದ್ದುಹೋದವನನ್ನು ಅದು ಸುಲಭಕ್ಕೆ ಬಿಡುವುದಿಲ್ಲ. ಗುಮ್ಮನಗುಸಕ, ಒಂಟಿಪಿಶಾಚಿ, ಜಂಭದ ಕೋಳಿ, ಜನ ಸೇರದವನು, ಲೋಕಜ್ಞಾನವಿಲ್ಲದವನು ಎಂದು ಅವನಿಗೆ ದಿನಕ್ಕೊಂದು ನಾಮಕರಣ ನಡೆಯುತ್ತದೆ. ಎಂಟು ಜನರ ನಡುವೆ ಕೂತು ಏಳು ಜನರ ಬಾಯಿ ಮುಚ್ಚಿಸುವ ಮಹನೀಯನಿಗಾದರೋ ‘ಬಹಳ ಸೋಷಿಯಲ್’ ಎಂಬ ಒಂದೇ ಬಿರುದು, ಅದೂ ಹೊಗಳಿಕೆಯದು. ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ ಎಂಬ ಗಾದೆಯಂತೂ ಸದಾ ನಾಲಗೆಯ ತುದಿಯಲ್ಲಿರುತ್ತದೆ. ಊರು ಹಿಡಿದ ದಾರಿಯೇ ಹಳ್ಳಕ್ಕೆ ಇಳಿಯುತ್ತಿದ್ದರೆ ಏನು ಗತಿ ಎಂಬುದಕ್ಕೆ ಗಾದೆ ಕಟ್ಟುವ ಪುರುಸೊತ್ತು ಯಾರಿಗೂ ಸಿಕ್ಕಂತಿಲ್ಲ.

ಓದಿದವರು ಈಗ ಇಂಥ ಒರಟು ಮಾತುಗಳನ್ನು ಬಿಟ್ಟು, ‘ಅವನು ಸ್ವಲ್ಪ ಆ್ಯಂಟಿ-ಸೋಷಿಯಲ್’ ಎಂದು ಮೃದುವಾಗಿ ಹೇಳುತ್ತಾರೆ. ಮೃದುತ್ವ ಎಂದರೆ ಇದೇ ಇರಬೇಕು. ಬ್ರಿಟನ್ 1998ರಲ್ಲಿ ಇದೇ ಪದವನ್ನು ಶಾಸನದೊಳಗೆ ಸೇರಿಸಿ, ನೆರೆಹೊರೆಗೆ ಕಿರುಕುಳ ಕೊಡುವವರ ಮೇಲೆ ನ್ಯಾಯಾಲಯ ನಿರ್ಬಂಧ ಹೇರುವಂತೆ ಮಾಡಿತು. ಆ ಆದೇಶವನ್ನು ಮುರಿದವರಿಗೆ ಗರಿಷ್ಠ 5 ವರ್ಷಗಳ ಸೆರೆವಾಸವಿತ್ತು. ಹೀಗಾಗಿ ನಡುರಾತ್ರಿ ಧ್ವನಿವರ್ಧಕ ಹಚ್ಚಿ ಕುಣಿಯುವವನೂ, ಆ ಕುಣಿತಕ್ಕೆ ಕರೆದರೆ ಬಾರದೆ ಕಿವಿಗೆ ಹತ್ತಿ ತುರುಕಿಕೊಂಡು ಮಲಗುವವನೂ ಇಂದು ಒಂದೇ ಹೆಸರಿನ ಅಪರಾಧಿಗಳು. ಇಬ್ಬರಲ್ಲಿ ಮೊದಲನೆಯವನಿಗೆ ಜೊತೆಗಾರರಿರುವುದರಿಂದ, ಬೈಗುಳ ಬಹುಮಟ್ಟಿಗೆ ಎರಡನೆಯವನ ಪಾಲಿಗೇ ಬೀಳುತ್ತದೆ.

ಮನೋವೈದ್ಯರು ಇಷ್ಟು ಉದಾರಿಗಳಲ್ಲ. ಅಮೆರಿಕದ ಮನೋವೈದ್ಯರ ಸಂಘವು 1980ರಲ್ಲಿ ಪ್ರಕಟಿಸಿದ ರೋಗನಿರ್ಣಯ ಕೈಪಿಡಿಯ ಮೂರನೆಯ ಆವೃತ್ತಿಯಲ್ಲಿ, ಜನರಿಗೆ ಹೆದರಿ ದೂರ ಉಳಿಯುವುದು, ಜನರ ಗೊಡವೆಯೇ ಬೇಡವೆನಿಸುವುದು ಮತ್ತು ಸಮಾಜವಿರೋಧಿ ವ್ಯಕ್ತಿತ್ವ ಇವು ಮೂರೂ ಬೇರೆ ಬೇರೆ ಬಾಬತ್ತುಗಳು. ಕೊನೆಯದರ ಲಕ್ಷಣಗಳು ಸುಳ್ಳು, ಮೋಸ, ಪರರ ಹಕ್ಕಿನ ಬಗ್ಗೆ ಅಸಡ್ಡೆ ಮುಂತಾದವು. ಅಂಥವನು ಸಭೆಯಲ್ಲಿ ನಗುನಗುತ್ತ ಎಲ್ಲರ ಹೆಗಲ ಮೇಲೆ ಕೈಹಾಕಿ ಓಡಾಡುವ ಮಾತಿನ ಮಲ್ಲನೂ ಆಗಿರಬಹುದು. ಆದರೆ ನಮ್ಮ ಬೆರಳು ತಿರುಗುವುದು ಮೂಲೆಯ ಕುರ್ಚಿಯ ಕಡೆಗೇ.

ಪ್ರಾಚೀನ ಗ್ರೀಕರೂ ಕಡಿಮೆಯೇನಿರಲಿಲ್ಲ. ಸಾರ್ವಜನಿಕ ವ್ಯವಹಾರಕ್ಕೆ ತಲೆಹಾಕದೆ ತನ್ನ ಪಾಡಿಗೆ ತಾನಿದ್ದವನನ್ನು ಅವರು ‘ಇಡಿಯೋಟೆಸ್’ ಎಂದರು; ಇಂಗ್ಲಿಷಿನ ‘ಈಡಿಯಟ್’ ಹುಟ್ಟಿದ್ದು ಅದರಿಂದಲೇ. ಆದರೂ ಅವರಲ್ಲಿ ಒಂದು ದೊಡ್ಡತನವಿತ್ತು. ಕ್ರಿ.ಪೂ. 5ನೆಯ ಶತಮಾನದ ಅಥೆನ್ಸಿನಲ್ಲಿ ಪೌರರು ಮಡಕೆಯ ಚೂರಿನ ಮೇಲೆ ಹೆಸರು ಗೀಚಿ ಯಾರನ್ನಾದರೂ 10 ವರ್ಷ ಊರಿನಿಂದ ಹೊರಗಟ್ಟಿದರೆ, ಅವನ ಆಸ್ತಿಯನ್ನಾಗಲಿ ಪೌರತ್ವವನ್ನಾಗಲಿ ಮುಟ್ಟುತ್ತಿರಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ‘ಯಾಕೆ ಹೋದೆ’ ಎಂದು ಅವನನ್ನು ಯಾರೂ ಕೇಳುವಂತಿರಲಿಲ್ಲ. ಇಂಥ ಶಿಕ್ಷೆ ಈಗ ಜಾರಿಯಲ್ಲಿದ್ದರೆ ಅರ್ಜಿ ಹಿಡಿದು ನಿಲ್ಲುವವರ ಸಾಲು ಬಲು ಉದ್ದವಿರುತ್ತಿತ್ತು.

ಈಗ ವಾಟ್ಸಾಪ್ ಗುಂಪಿನಿಂದ ಹೊರಬಿದ್ದವನ ಪಾಡನ್ನು ನೋಡಬೇಕು. 2022ರಲ್ಲಿ ಆ ಕಂಪನಿಯೇ ಕನಿಕರಪಟ್ಟು, ಹೋದವನ ಸುದ್ದಿ ಅಡ್ಮಿನ್‌ಗಳಿಗೆ ಮಾತ್ರ ತಿಳಿಯುವಂತೆ ಏರ್ಪಾಡು ಮಾಡಿತು. ಅಷ್ಟಕ್ಕೇ ಅವನ ಫೋನು ಮೊಳಗತೊಡಗುತ್ತದೆ: ಬೇಜಾರಾಯಿತೇ, ಯಾರಾದರೂ ಏನಾದರೂ ಅಂದರೇ, ಆರೋಗ್ಯ ಸರಿಯಿದೆಯೇ? ದಿನವೂ ಬೆಳಗ್ಗೆ ಬಂದು ಬೀಳುತ್ತಿದ್ದ ನೂರಾರು ಶುಭೋದಯಗಳು ಸಾಕಾಗಿದ್ದವು ಎಂಬ ನಿಜವನ್ನು ಹೇಳುವಂತಿಲ್ಲವಾದ್ದರಿಂದ ಅವನು ಸುಮ್ಮನಿರುತ್ತಾನೆ. ಆಗ ಅಡ್ಮಿನ್ ಮಹಾಶಯರು, ಪಾಪ ಕೈತಪ್ಪಿ ಒತ್ತಿರಬೇಕು ಎಂದು ಬರೆದು, ಅವನನ್ನು ಮತ್ತೆ ಗುಂಪಿಗೆ ಸೇರಿಸುತ್ತಾರೆ. ಉಳಿದವರೆಲ್ಲ ಒಬ್ಬರ ಹಿಂದೊಬ್ಬರು ಕೈಮುಗಿದ ಚಿತ್ರ ಕಳುಹಿಸಿ ಸ್ವಾಗತಿಸುತ್ತಾರೆ. ಸಂಜೆಯವರೆಗೂ ಅವನು ಅದಕ್ಕೆ ಧನ್ಯವಾದ ಹೇಳಲಿಲ್ಲವೆಂದು, ಅವನನ್ನು ಬಿಟ್ಟು ಮಾಡಿಕೊಂಡ ಇನ್ನೊಂದು ಗುಂಪಿನಲ್ಲಿ ರಾತ್ರಿಯೆಲ್ಲ ಚರ್ಚೆ ನಡೆಯುತ್ತದೆ.