ಉದ್ಯಮಿಗೆ ಮೊದಲು ಬೇಕಾದದ್ದು ಎದೆಗಾರಿಕೆಯೇ?

ಪರ
(ಬೈಕಂಪಾಡಿಯಲ್ಲಿ ವರ್ಕ್‌ಶಾಪ್ ನಡೆಸುವವರು)

ಆಗಸ್ಟ್ ಮೊದಲ ವಾರ ಮಲ್ಪೆ ಬಂದರಿಗೆ ಹೋಗಿ ನಿಲ್ಲಬೇಕು. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ನಿಷೇಧ ಮುಗಿದು ಬೋಟುಗಳು ಕಡಲಿಗೆ ಇಳಿಯುವ ಹೊತ್ತು ಅದು. ಡೀಸೆಲ್ ತುಂಬಿಸಿ ಆಗಿದೆ, ಮಂಜುಗಡ್ಡೆ ಏರಿಸಿ ಆಗಿದೆ, ಬೋಟು ನಡೆಸುವ ತಾಂಡೇಲನಿಗೂ ಅವನ ಕೈಕೆಳಗಿನ ಕಲಾಸಿಗಳಿಗೂ ಮುಂಗಡ ಕೊಟ್ಟಾಗಿದೆ. ಖರ್ಚಿನ ಲೆಕ್ಕ ಪೈಸೆಪೈಸೆಗೂ ಗೊತ್ತು. ಬಲೆಗೆ ಏನು ಬೀಳುತ್ತದೆ, ಬಿದ್ದದ್ದಕ್ಕೆ ದಕ್ಕೆಯ ಹರಾಜಿನಲ್ಲಿ ಎಷ್ಟು ಕೂಗುತ್ತಾರೆ ಎಂಬುದು ಮಾತ್ರ ಬೋಟಿನ ಮಾಲೀಕನಿಗೂ ಗೊತ್ತಿಲ್ಲ, ಅವನಿಗೆ ಸಾಲ ಕೊಟ್ಟವರಿಗೂ ಗೊತ್ತಿಲ್ಲ.

ಉದ್ಯಮಿ ಯಾರು ಎಂದು ಕೇಳಿದರೆ ಹಣವುಳ್ಳವನು, ಕಾರ್ಖಾನೆ ಕಟ್ಟಿದವನು, ಹತ್ತು ಜನರಿಗೆ ಕೆಲಸ ಕೊಟ್ಟವನು ಎಂದೆಲ್ಲ ಉತ್ತರ ಬರುತ್ತದೆ. ನನ್ನ ಮನಸ್ಸಿಗೆ ಒಪ್ಪಿದ ಉತ್ತರ ಹಳೆಯ ಅರ್ಥಶಾಸ್ತ್ರಜ್ಞ ರಿಚರ್ಡ್ ಕ್ಯಾಂಟಿಲನ್‌ನದು. ಅವನು ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ, 1755ರಲ್ಲಿ, ಅಚ್ಚಾದ ಬರಹದಲ್ಲಿ ಅದು ಸಿಗುತ್ತದೆ: ಗೊತ್ತಿರುವ ಬೆಲೆಗೆ ಕೊಂಡು, ಗೊತ್ತಿಲ್ಲದ ಬೆಲೆಗೆ ಮಾರಲು ಹೊರಡುವವನು. ಬಂಡವಾಳವಿಲ್ಲದೆ ಮೈದುಡಿಮೆಯನ್ನೇ ನಂಬಿದ ನೀರು ಹೊರುವವನನ್ನೂ ಅವನು ಉದ್ಯಮಿಗಳ ಸಾಲಿಗೆ ಸೇರಿಸಿದ. ಸಂಬಳಕ್ಕಿರುವವನನ್ನು, ಆ ಸಂಬಳ ಎಷ್ಟೇ ದೊಡ್ಡದಿರಲಿ, ಸೇರಿಸಲಿಲ್ಲ.

1921ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಫ್ರಾಂಕ್ ನೈಟ್ ಇದನ್ನು ಇನ್ನಷ್ಟು ಬಿಡಿಸಿ ಹೇಳಿದ. ಎಣಿಕೆಗೆ ಸಿಗುವ ಅಪಾಯ ಬೇರೆ, ಎಣಿಕೆಗೇ ಸಿಗದ ಅನಿಶ್ಚಿತತೆ ಬೇರೆ. ಬೋಟು ಮುಳುಗುವ ಅಪಾಯಕ್ಕೆ ವಿಮೆ ಇದೆ, ಏಕೆಂದರೆ ಹತ್ತಾರು ವರ್ಷಗಳಲ್ಲಿ ಎಷ್ಟು ಬೋಟು ಮುಳುಗಿದವು ಎಂದು ಲೆಕ್ಕ ಹಾಕಬಹುದು. ಶಂಕರಪುರದ ಮಲ್ಲಿಗೆಯನ್ನು ನೋಡಿ. ಅಟ್ಟೆಯ, ಅಂದರೆ ಹೂವಿನ ಕಟ್ಟಿನ, ದರ ದಿನದಿನಕ್ಕೆ ನಿಗದಿಯಾಗುತ್ತದೆ, ಮುಹೂರ್ತಗಳು ಕೂಡಿ ಬಂದ ದಿನ ಗಗನಕ್ಕೆ, ಇಲ್ಲದ ದಿನ ನೆಲಕ್ಕೆ. ನಾಡಿದ್ದಿನ ದರಕ್ಕೆ ವಿಮೆ ಕೊಡುವವರು ಯಾರೂ ಇಲ್ಲ. ಲಾಭ ಎನ್ನುವುದು ಈ ಎರಡನೆಯ ಭಾರವನ್ನು ಹೊತ್ತದ್ದಕ್ಕೆ ಸಿಗುವ ಫಲ ಎಂಬುದು ನೈಟ್‌ನ ವಾದ. ಅದನ್ನು ಹೊರುವ ಶಕ್ತಿಗೆ ಕನ್ನಡದಲ್ಲಿ ಎದೆಗಾರಿಕೆಯ ಹೊರತು ಬೇರೆ ಹೆಸರು ನನಗೆ ಹೊಳೆಯುವುದಿಲ್ಲ.

ನಮ್ಮ ಕರಾವಳಿಯ ಚರಿತ್ರೆಯೂ ನನ್ನ ಪರವಾಗಿಯೇ ಸಾಕ್ಷಿ ಹೇಳುತ್ತದೆ. 1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು 5,000 ರೂಪಾಯಿ ಬಂಡವಾಳದಲ್ಲಿ ಒಂದು ಬ್ಯಾಂಕಿಗೆ ಅಡಿಗಲ್ಲಿಟ್ಟರು. ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆದದ್ದು ಅದೇ. ಅದೇ ವರ್ಷ ಮಂಗಳೂರಿನಲ್ಲಿ ವಕೀಲರಾದ ಅಮ್ಮೆಂಬಳ ಸುಬ್ಬರಾವ್ ಪೈಗಳು ಇನ್ನೊಂದನ್ನು ಕಟ್ಟಿದರು, ಅದು ಇಂದಿನ ಕೆನರಾ ಬ್ಯಾಂಕ್. ಅದೇ ವರ್ಷದ ಅಕ್ಟೋಬರಿನಲ್ಲಿ ಮದ್ರಾಸಿನ ಆರ್ಬತ್‌ನಾಟ್ ಕಂಪನಿ ದಿವಾಳಿಯಾಯಿತು. ಆಗ ನಾವು ಮದ್ರಾಸ್ ಪ್ರಾಂತ್ಯದವರು. ಬಿಳಿಯರ ದೊಡ್ಡ ಸಂಸ್ಥೆಯೇ ಜನರ ಠೇವಣಿ ನುಂಗಿ ಮುಳುಗಿದ ಕಾಲದಲ್ಲಿ, ಊರಿನವರ ಕೈಯಲ್ಲಿ ದುಡ್ಡಿಡಿ ಎಂದು ಊರಿನವರನ್ನೇ ಕೇಳಲು ಎಂಥ ಎದೆ ಬೇಕಿತ್ತು!

ಮೂಲ್ಕಿಯ ರಘುನಂದನ ಕಾಮತರು ಹಣ್ಣಿನ ವ್ಯಾಪಾರಿಯ ಮಗ. 1984ರಲ್ಲಿ ಮುಂಬೈಯ ಜುಹುವಿನಲ್ಲಿ ನ್ಯಾಚುರಲ್ಸ್ ಐಸ್‌ಕ್ರೀಮ್ ಅಂಗಡಿ ತೆರೆದಾಗ, ಬರೀ ಐಸ್‌ಕ್ರೀಮಿಗಾಗಿ ಗಿರಾಕಿಗಳು ಬರುವುದಿಲ್ಲವೆಂದು ಪಾವ್‌ಭಾಜಿಯನ್ನೂ ಮಾರಿದರು. ಕೆಲವು ಕಾಲದ ಬಳಿಕ ಪಾವ್‌ಭಾಜಿಯನ್ನು ನಿಲ್ಲಿಸಿದರು. ಅನ್ನ ಕೊಡುತ್ತಿದ್ದ ಬಾಣಲೆಯನ್ನು ಸ್ವಂತ ಕೈಯಿಂದ ಕೆಳಗಿಳಿಸಿದ ಆ ದಿನವೇ ಅವರು ಉದ್ಯಮಿಯಾದ ದಿನ ಎಂದು ನಾನು ಭಾವಿಸುತ್ತೇನೆ.

ನನ್ನದು ಅಷ್ಟು ದೊಡ್ಡ ಕಥೆಯಲ್ಲ. ಮೂವತ್ತನಾಲ್ಕನೆಯ ವಯಸ್ಸಿನಲ್ಲಿ ಸಂಬಳದ ಕೆಲಸ ಬಿಟ್ಟು ಎರಡು ಲೇತ್ ಯಂತ್ರ ಹಾಕಿದೆ. ಮೂರನೆಯ ವರ್ಷ ಒಂದು ದೊಡ್ಡ ಕಂಪನಿಯ ಕೆಲಸ ಸಿಕ್ಕಿತು. ಬಿಡಿಭಾಗಗಳನ್ನು ಹೇಳಿದ ದಿನಕ್ಕೆ ಮಾಡಿಕೊಟ್ಟೆವು. ಸಣ್ಣ ಉದ್ದಿಮೆಗಳಿಗೆ 45 ದಿನಗಳೊಳಗೆ ಹಣ ಸಲ್ಲಬೇಕೆಂದು 2006ರ ಕಾನೂನು ಹೇಳುತ್ತದೆ. ನಮಗೆ ಬರಲು ಏಳು ತಿಂಗಳಾಯಿತು. ಆರು ಮಂದಿ ಕೆಲಸಗಾರರು, ಶೆಡ್ಡಿನ ಬಾಡಿಗೆ, ಕರೆಂಟಿನ ಬಿಲ್ಲು, ಯಂತ್ರದ ಕಂತು. ಲೆಕ್ಕಪತ್ರ ನೋಡಿದವರೆಲ್ಲ ಮುಚ್ಚು ಎಂದರು. ಲೆಕ್ಕದ ಪ್ರಕಾರ ಅವರ ಮಾತು ಸರಿಯೇ ಇತ್ತು. ಹೆಂಡತಿಯ ಬಳೆಗಳನ್ನು ಅಡವಿಟ್ಟು ಸಂಬಳ ಕೊಟ್ಟೆ. ಆ ಆರು ಮಂದಿಯಲ್ಲಿ ನಾಲ್ವರು ಇವತ್ತಿಗೂ ನನ್ನ ಜೊತೆಗಿದ್ದಾರೆ, ಲೇತ್‌ಗಳು ಒಂಬತ್ತಾಗಿವೆ.

ಆಗಾಗ ಇಂಜಿನಿಯರಿಂಗ್ ಕಾಲೇಜುಗಳು ಮಾತನಾಡಲು ಕರೆಯುತ್ತವೆ. ವಿದ್ಯಾರ್ಥಿಗಳು ಯೋಜನಾ ವರದಿ ಹೇಗಿರಬೇಕು, ಸಹಾಯಧನ ಎಷ್ಟು ಸಿಗುತ್ತದೆ ಎಂದು ಕೇಳುತ್ತಾರೆ. ಇವೆಲ್ಲ ಹೊರಗಿನಿಂದ ತರಬಹುದಾದವು. ಲೆಕ್ಕ ಬರೆಯುವವರು ಸಂಬಳಕ್ಕೆ ಸಿಗುತ್ತಾರೆ, ಮಾರಾಟ ಬಲ್ಲವರು ಸಿಗುತ್ತಾರೆ, ಕಾನೂನು ಹೇಳುವವರು ಸಿಗುತ್ತಾರೆ. ಏಳನೆಯ ತಿಂಗಳ ರಾತ್ರಿ ಎದ್ದು ಕುಳಿತಾಗ ನಾಳೆಯೂ ಶೆಡ್ಡಿನ ಬಾಗಿಲು ತೆರೆಯುತ್ತೇನೆ ಎಂದು ನನ್ನ ಬದಲಿಗೆ ಹೇಳುವವರು ಯಾವ ಸಂಬಳಕ್ಕೂ ಸಿಗಲಿಲ್ಲ.

ವಿರೋಧ
(ಉಡುಪಿಯ ನಿವೃತ್ತ ಬ್ಯಾಂಕ್ ಅಧಿಕಾರಿ)

ಆ ಬಳೆಗಳ ಬಗ್ಗೆ ಬೈಕಂಪಾಡಿಯ ಮಿತ್ರರು ಒಂದೇ ಒಂದು ವಾಕ್ಯ ಬರೆದಿದ್ದಾರೆ. ನಾನು ಅಲ್ಲಿಂದಲೇ ಶುರು ಮಾಡುತ್ತೇನೆ.

ಮೂವತ್ತೊಂದು ವರ್ಷ ಬ್ಯಾಂಕಿನಲ್ಲಿದ್ದೆ, ಅದರಲ್ಲಿ ಹೆಚ್ಚಿನ ಕಾಲ ಸಾಲದ ಮೇಜಿನಲ್ಲಿ. ಚಿನ್ನದ ಅಡವಿಗೆ ಬರುವ ಜೋಡಿಗಳನ್ನು ದಿನವೂ ಕಂಡಿದ್ದೇನೆ. ಗಂಡ ಎದುರಿನ ಕುರ್ಚಿಯಲ್ಲಿ ಕುಳಿತು ಹೊಸ ವ್ಯಾಪಾರದ ವಿವರ ಹೇಳುತ್ತಾನೆ. ಹೆಂಡತಿ ಸರಾಫರ ತಕ್ಕಡಿಯ ಪಕ್ಕದಲ್ಲಿ ನಿಂತು, ಸಾಬೂನು ಹಚ್ಚದೆ ಕಳಚಲಾಗದ ಬಳೆಯನ್ನು ತಿರುಗಿಸುತ್ತಿರುತ್ತಾಳೆ. ವ್ಯಾಪಾರ ನಡೆದರೆ ಊರು ಅವನ ಎದೆಗಾರಿಕೆಯನ್ನು ಹೊಗಳುತ್ತದೆ. ನಡೆಯದೆ ಚಿನ್ನ ಹರಾಜಿಗೆ ಬಂದರೆ, ಬರಿಗೈಯಲ್ಲಿ ಮದುವೆಮನೆಗಳಿಗೆ ಹೋಗಬೇಕಾದವಳು ಅವಳು. ಮಿತ್ರರು ಗೆದ್ದರು, ಅದಕ್ಕೆ ನನಗೆ ಮನಸಾರೆ ಸಂತೋಷವಿದೆ. ಆ ಏಳು ತಿಂಗಳು ಯಾರ ಎದೆಯ ಮೇಲೆ ಭಾರವಿತ್ತು ಎಂದು ಮಾತ್ರ ಕೇಳಲೇಬೇಕಾಗುತ್ತದೆ.

ಹೀಗೆ ಕೇಳುವವಳು ನಾನು ಮೊದಲಿಗಳಲ್ಲ. ಉದ್ಯಮಶೀಲತೆಯ ಬಗ್ಗೆ ಬರೆದವರಲ್ಲಿ ಅರ್ಥಶಾಸ್ತ್ರಜ್ಞ ಜೋಸೆಫ್ ಶುಂಪೀಟರ್‌ನದು ದೊಡ್ಡ ಹೆಸರು. ಹೊಸ ವಸ್ತು, ಹೊಸ ವಿಧಾನ, ಹೊಸ ಮಾರುಕಟ್ಟೆ, ಇವುಗಳನ್ನು ಹೊಸದಾಗಿ ಜೋಡಿಸಿ ಕಾರ್ಯರೂಪಕ್ಕೆ ತರುವವನು ಉದ್ಯಮಿ ಎಂದ ಅವನು, ಅಪಾಯ ಹೊರುವುದು ಉದ್ಯಮಿಯ ಲಕ್ಷಣವಲ್ಲ ಎಂದೂ ಸ್ಪಷ್ಟವಾಗಿ ಹೇಳಿದ. ಅಪಾಯ ಸಾಲ ಕೊಟ್ಟವನದು, ಬಂಡವಾಳ ಹಾಕಿದವನದು. ನಮ್ಮೂರಿನಲ್ಲಿ ಬಂಡವಾಳ ಹಾಕಿದವರು ಎಂದರೆ ಎಷ್ಟೋ ಸಲ ಹೆಂಡತಿ, ಅತ್ತಿಗೆ, ಅಡಿಕೆ ತೋಟದ ಮೇಲೆ ಸಾಲಕ್ಕೆ ಸಹಿ ಹಾಕಿದ ಅಪ್ಪ.

ಬಾಗಿಲು ತೆರೆಯುವ ಧೈರ್ಯವನ್ನು ಬಾಡಿಗೆಗೆ ತರಲಾಗದು ಎನ್ನುತ್ತಾರೆ ಮಿತ್ರರು. ನಿಜ. ಆದರೆ ಲೆಕ್ಕವನ್ನು ಬಾಡಿಗೆಗೆ ತರಬಹುದು ಎಂಬ ಮಾತನ್ನು ನಾನು ಒಪ್ಪಲಾರೆ. ಲೆಕ್ಕ ಬರೆಯುವವನು ಸಿಗುತ್ತಾನೆ, ಲೆಕ್ಕಕ್ಕೆ ಹೆದರುವ ಮನಸ್ಸು ಸಿಗುವುದಿಲ್ಲ. ಗಲ್ಲಾಪೆಟ್ಟಿಗೆಯ ಹಣ ಬೇರೆ, ಮನೆಖರ್ಚಿನ ಹಣ ಬೇರೆ ಎಂಬ ಒಂದು ಗೆರೆಯನ್ನು ಎಳೆಯಲಾರದೆ ಮುಚ್ಚಿದ ಅಂಗಡಿಗಳನ್ನು ನಾನು ಬೆರಳು ಮಡಿಸಿ ಎಣಿಸಲಾರದಷ್ಟು ಕಂಡಿದ್ದೇನೆ. ಅವುಗಳ ಮಾಲೀಕರಲ್ಲಿ ಅಂಜುಬುರುಕರು ಬಹಳ ಕಡಿಮೆ. ಮೊದಲ ಅಂಗಡಿ ಇನ್ನೂ ಕಾಲೂರುವ ಮೊದಲೇ ಎರಡನೆಯದಕ್ಕೆ ಮುಂಗಡ ಕೊಟ್ಟವರು, ಉದ್ರಿಯ ಪುಸ್ತಕವನ್ನು ತಿಂಗಳುಗಟ್ಟಲೆ ತೆರೆದು ನೋಡದವರು, ಒಂದು ಸಾಲ ತೀರಿಸಲು ಇನ್ನೊಂದು ಸಾಲಕ್ಕೆ ಬಂದವರು. ಎದೆಗಾರಿಕೆ ಅವರಲ್ಲಿ ತುಂಬಿ ತುಳುಕುತ್ತಿತ್ತು.

ಬ್ಯಾಂಕಿನ ಚರಿತ್ರೆ ಹೇಳುವುದಾದರೆ ನನ್ನ ಬಳಿ ಇನ್ನೊಂದಿದೆ. 1925ರಲ್ಲಿ ಉಪೇಂದ್ರ ಅನಂತ ಪೈ, ವಾಮನ ಶ್ರೀನಿವಾಸ ಕುಡ್ವ, ಡಾ. ಟಿ.ಎಂ.ಎ. ಪೈ ಸೇರಿ 8,000 ರೂಪಾಯಿಯಲ್ಲಿ ಉಡುಪಿಯಲ್ಲಿ ತೆರೆದ ಬ್ಯಾಂಕು ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. ಕಷ್ಟದಲ್ಲಿದ್ದ ಕೈಮಗ್ಗದ ನೇಕಾರರಿಗೆ ನೆರವಾಗಬೇಕೆಂಬುದು ಅವರ ಉದ್ದೇಶವಾಗಿತ್ತು. 1928ರಲ್ಲಿ ಅವರು ತಂದ ಪಿಗ್ಮಿ ಯೋಜನೆಯಲ್ಲಿ ದಿನಕ್ಕೆ ಎರಡಾಣೆ ಉಳಿಸಿದರೂ ಸಾಕಿತ್ತು, ಬ್ಯಾಂಕಿನವರೇ ಮನೆಬಾಗಿಲಿಗೆ ಬಂದು ಪಡೆಯುತ್ತಿದ್ದರು. ಇದರಲ್ಲಿ ಧೈರ್ಯವಿರಲಿಲ್ಲವೆಂದು ಹೇಳುವುದಿಲ್ಲ. ಆದರೆ ಇದು ನಿಂತದ್ದು ಬೇರೆಯದರ ಮೇಲೆ. ಇಂದು ಎರಡಾಣೆ ಕೊಟ್ಟವಳ ಮನೆಗೆ ನಾಳೆಯೂ ಹೋಗಬೇಕು, ಮಳೆಯಿದ್ದರೂ ಹೋಗಬೇಕು, ಪುಸ್ತಕದಲ್ಲಿ ಅವಳ ಎದುರಿಗೇ ಬರೆಯಬೇಕು, ಅವಳು ಕೇಳಿದ ದಿನ ಹಣ ಕೊಡಬೇಕು. ನಮ್ಮ ಮನೆಗೆ ಸಂಜೆ ಪಿಗ್ಮಿಯವರು ಬರುವಾಗ ಅಮ್ಮ ಚಿಲ್ಲರೆಯನ್ನು ಕಿಟಕಿಯ ಮೇಲೆ ಎಣಿಸಿಟ್ಟಿರುತ್ತಿದ್ದಳು. ನನ್ನ ಕಾಲೇಜಿನ ಮೊದಲ ವರ್ಷದ ಶುಲ್ಕ ಆ ಕಿಟಕಿಯಿಂದ ಬಂದದ್ದು. ಒಂದು ಸಂಜೆ ಅವರು ತಪ್ಪಿಸಿದ್ದರೂ ಅಮ್ಮನ ನಂಬಿಕೆ ಅಲುಗಾಡುತ್ತಿತ್ತು.

ಕಾಮತರ ಪಾವ್‌ಭಾಜಿಯನ್ನು ನಾನು ಓದುವ ಬಗೆ ಬೇರೆ. ಅವರು ಅದಕ್ಕೂ ಮೊದಲು ಮುಂಬೈಯಲ್ಲಿ ಅಣ್ಣನ ಹೋಟೆಲಿನಲ್ಲಿ ದುಡಿದು ವ್ಯಾಪಾರ ಕಲಿತಿದ್ದರು. ಹಣ್ಣು ಆರಿಸುವ ಕಣ್ಣು ತಂದೆಯಿಂದ ಬಂದಿತ್ತು. ಐಸ್‌ಕ್ರೀಮ್ ತನ್ನ ಕಾಲ ಮೇಲೆ ನಿಲ್ಲುವ ತನಕ ಪಾವ್‌ಭಾಜಿ ಅಂಗಡಿಯನ್ನು ಸಾಕಿತು. ಬಾಣಲೆಯನ್ನು ಕೆಳಗಿಳಿಸಿದ ದಿನಕ್ಕಿಂತ, ಅದನ್ನು ಮೊದಲು ಒಲೆಯ ಮೇಲಿಟ್ಟ ದಿನ ನನಗೆ ಹೆಚ್ಚು ಪಾಠ ಹೇಳುತ್ತದೆ. ಹೊರೂರುಗಳಲ್ಲಿ ಹೆಸರು ಮಾಡಿದ ಉಡುಪಿ ಹೋಟೆಲಿನವರ ಬಾಳನ್ನು ನೋಡಿ. ವುಡ್‌ಲ್ಯಾಂಡ್ಸ್ ಕಟ್ಟಿದ ಕೃಷ್ಣರಾಯರೂ ಮೊದಲು ಬೇರೆಯವರ ಅಡುಗೆಮನೆಯಲ್ಲಿ ಕೆಲಸ ಮಾಡಿದವರೇ. ರುಬ್ಬುವ ಕಲ್ಲಿನ ಮುಂದೆ ಕುಳಿತವನಿಗೆ ಒಂದು ಸೇರು ಅಕ್ಕಿಗೆ ಎಷ್ಟು ಇಡ್ಲಿ ಎಂಬುದು ಕೈಗೇ ಗೊತ್ತಿರುತ್ತದೆ.

ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್ಲೆಲ್ಯಾಂಡ್ ಒಂದು ಆಟ ಆಡಿಸುತ್ತಿದ್ದ. ಗೂಟಕ್ಕೆ ಬಳೆ ಎಸೆಯುವ ಆಟ, ನಮ್ಮ ಜಾತ್ರೆಗಳಲ್ಲಿ ಕಾಣುವಂಥದೇ. ಎಷ್ಟು ದೂರದಿಂದ ಎಸೆಯಬೇಕೆಂಬುದು ಆಡುವವರ ಇಷ್ಟ. ಸಾಧಿಸುವ ಹಂಬಲ ಬಲವಾಗಿರುವವರು ಗೂಟದ ಹತ್ತಿರವೂ ನಿಲ್ಲಲಿಲ್ಲ, ಎಸೆದರೆ ಬಿದ್ದೀತೆಂಬ ಅದೃಷ್ಟ ನಂಬಿ ತೀರ ದೂರವೂ ಹೋಗಲಿಲ್ಲ. ತಮ್ಮ ಕೈಚಳಕಕ್ಕೆ ಕಷ್ಟವಾದರೂ ಎಟಕುವಷ್ಟು ದೂರವನ್ನು ಆರಿಸಿಕೊಂಡರು. ಇದೇ ಮೆಕ್ಲೆಲ್ಯಾಂಡ್ 1964ರಲ್ಲಿ ಆಂಧ್ರದ ಕಾಕಿನಾಡದ ವ್ಯಾಪಾರಿಗಳಿಗೆ ಹೈದರಾಬಾದಿನಲ್ಲಿ ತರಬೇತಿ ಕೊಡಿಸಿದ. ತರಬೇತಿ ಪಡೆದವರು ಪಡೆಯದವರಿಗಿಂತ ಹೆಚ್ಚು ಹೊಸ ಕೆಲಸಗಳಿಗೆ ಕೈ ಹಾಕಿದ್ದು ಕಂಡುಬಂತು. ಈ ಗುಣ ಹುಟ್ಟಿನಿಂದ ಬರಬೇಕಾಗಿಲ್ಲ ಎಂಬುದಕ್ಕೆ ನಮಗೆ ಅಷ್ಟು ದೂರ ಹೋಗುವ ಅಗತ್ಯವೂ ಇಲ್ಲ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು ಎರಡು ಬ್ಯಾಂಕುಗಳ ಜೊತೆಗೂಡಿ ಆರಂಭಿಸಿದ ರುಡ್‌ಸೆಟ್ ಸಂಸ್ಥೆ ಹಳ್ಳಿಯ ಹುಡುಗ ಹುಡುಗಿಯರಿಗೆ ಸ್ವಉದ್ಯೋಗ ಕಲಿಸಿತು. ಆ ಮಾದರಿಯೇ ಮುಂದೆ ದೇಶದ ಜಿಲ್ಲೆಜಿಲ್ಲೆಗೂ ಹಬ್ಬಿತು.

ಸರಸ್ ಸರಸ್ವತಿ ಎಂಬ ಪ್ರಾಧ್ಯಾಪಕಿ ಅಮೆರಿಕದಲ್ಲಿ 27 ಮಂದಿ ಅನುಭವಿ ಉದ್ಯಮಿಗಳು ಯೋಚಿಸುವ ರೀತಿಯನ್ನು ಅಭ್ಯಸಿಸಿದರು. ಎಷ್ಟು ಗಳಿಸಬಹುದು ಎಂಬುದಕ್ಕಿಂತ ಎಷ್ಟು ಕಳೆದುಕೊಂಡರೆ ತಾಳಿಕೊಳ್ಳಬಹುದು ಎಂಬುದು ಅವರ ಮೊದಲ ಯೋಚನೆಯಾಗಿತ್ತು. ಇದನ್ನು ಓದಿದಾಗ ನನಗೆ ಕ್ಯಾಂಪ್ಕೋ ನೆನಪಾಯಿತು. ಅಡಿಕೆ ಧಾರಣೆ ಕುಸಿದು ಬೆಳೆಗಾರರು ದಿಕ್ಕೆಟ್ಟಾಗ, 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ ಆ ಸಹಕಾರಿ ಸಂಸ್ಥೆ ಹುಟ್ಟಿತು. 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟು ಕಾರ್ಖಾನೆಯನ್ನೇ ಕಟ್ಟಿತು. ಅಡಿಕೆ ಬೆಳೆಗಾರರು ಚಾಕಲೇಟು ಮಾಡುವುದು ಸಣ್ಣ ಸಾಹಸವಲ್ಲ. ಅದಕ್ಕೆ ಒಂಟಿ ಮನೆಯೊಂದರ ಬಳೆಗಳು ಸಾಕಾಗುತ್ತಿರಲಿಲ್ಲ, ಬೇಕಾಗಲೂ ಇಲ್ಲ. ಸಾವಿರಾರು ತೋಟಗಳ ಮೇಲೆ ಭಾರ ಹಂಚಿಹೋಗಿತ್ತು.

ನಿವೃತ್ತಿಗೆ ಎರಡು ವರ್ಷವಿದ್ದಾಗ ಒಬ್ಬ ಹೆಂಗಸು ಹಪ್ಪಳದ ಯಂತ್ರಕ್ಕೆ ಸಾಲ ಕೇಳಿ ಬಂದಳು. ಹಲಸಿನ ಹಪ್ಪಳ ಮಾಡಿ ರಥಬೀದಿಯ ಅಂಗಡಿಗಳಿಗೆ ಕೊಡುತ್ತಿದ್ದವಳು. ಯೋಜನಾ ವರದಿ ಇರಲಿಲ್ಲ. ಶಾಲೆಮಕ್ಕಳ ನೋಟುಪುಸ್ತಕ ಇತ್ತು, ಎಡಗಡೆ ಕೊಟ್ಟದ್ದು, ಬಲಗಡೆ ಬಂದದ್ದು, ನಾಲ್ಕು ವರ್ಷದ್ದು. ಹಾಳಾದ ಹಪ್ಪಳಕ್ಕೂ ಒಂದು ಸಾಲು. ಮಳೆಗಾಲದ ಪುಟಗಳಲ್ಲಿ ಆ ಸಾಲು ಉದ್ದವಾಗಿತ್ತು. ಅದಕ್ಕೇ ಒಣಗಿಸುವ ಯಂತ್ರ ಬೇಕು ಎಂದಳು. ಪಕ್ಕದ ಮನೆಯ ಇಬ್ಬರು ಸೇರಿಕೊಳ್ಳುತ್ತಾರೆ, ಮೂವರೂ ಕಂತು ಹಂಚಿಕೊಳ್ಳುತ್ತೇವೆ ಎಂದಳು.

ಅರ್ಜಿಗೆ ಸಹಿ ಮಾಡುವ ಮುನ್ನ ಅವಳು ಕೇಳಿದ ಪ್ರಶ್ನೆಯನ್ನು ಮೂವತ್ತೊಂದು ವರ್ಷಗಳಲ್ಲಿ ತೀರ ಕೆಲವರು ಮಾತ್ರ ಕೇಳಿದ್ದಾರೆ. "ಮೇಡಂ, ಒಂದು ವೇಳೆ ಇದು ನಡೆಯದಿದ್ದರೆ, ಯಂತ್ರ ಮಾರಿದ ಮೇಲೂ ಎಷ್ಟು ಬಾಕಿ ಉಳಿಯುತ್ತದೆ?" ನಾನು ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದೆ. ಅವಳು ಸ್ವಲ್ಪ ಹೊತ್ತು ಅದನ್ನೇ ನೋಡಿ, ನೋಟುಪುಸ್ತಕದ ಕೊನೆಯ ಪುಟದಲ್ಲಿ ಆ ಮೊತ್ತವನ್ನು ಬರೆದುಕೊಂಡಳು. ಆಮೇಲೆ ಸಹಿ ಹಾಕಿದಳು.