ರಾಜನಿಗೆ ಕಣ್ಣು ಹೊಡೆಯುವ ಆಟ

ರಾಜ, ರಾಣಿ, ಕಳ್ಳ, ಪೊಲೀಸ್ ಎಂಬ ಚೀಟಿಯಾಟವನ್ನು ಆಡದೆ ಬೇಸಿಗೆ ರಜೆ ಕಳೆದವರು ನಮ್ಮ ಕಡೆ ಅಪರೂಪ. ಆ ಆಟದಲ್ಲಿ ನನಗೆ ಕಾಣುವ ದೊಡ್ಡ ಕೊರತೆಯೆಂದರೆ ರಾಜನಿಗೆ ಕೆಲಸವೇ ಇಲ್ಲದಿರುವುದು. ಚೀಟಿ ಬಿಚ್ಚಿದೊಡನೆ 1000 ಅಂಕ ಅವನ ಹೆಸರಿಗೆ ಜಮೆಯಾಗುತ್ತದೆ. ಅನಂತರ ಪೊಲೀಸನು ಕಳ್ಳನಿಗಾಗಿ ತಿಣುಕುವುದನ್ನು ನೋಡುತ್ತ ಅವನು ಕಡಲೆಕಾಯಿ ಸುಲಿಯುತ್ತ ಕೂರಬಹುದು. ಅಷ್ಟು ನೆಮ್ಮದಿಯ ಸಿಂಹಾಸನ ಚರಿತ್ರೆಯಲ್ಲಿ ಯಾರಿಗೆ ದಕ್ಕಿತ್ತು?

ಈ ಅನ್ಯಾಯವನ್ನು ಸರಿಪಡಿಸಲೆಂದೋ ಏನೋ, ನಮ್ಮ ಮನೆಯ ಮಕ್ಕಳು ಕಳ್ಳನನ್ನು ಕೈಬಿಟ್ಟು ಕೊಲೆಗಾರನ ಚೀಟಿಯೊಂದನ್ನು ಸೇರಿಸಿಕೊಂಡಿದ್ದಾರೆ. ರಾಜ ಮತ್ತು ಪೊಲೀಸ್ ತಮ್ಮ ಚೀಟಿಗಳನ್ನು ತೋರಿಸಬೇಕು; ರಾಣಿ, ಮಂತ್ರಿ, ಕೊಲೆಗಾರ ಇವರು ಮುಚ್ಚಿಡಬೇಕು. ಪೊಲೀಸನ ಕಣ್ತಪ್ಪಿಸಿ ಕೊಲೆಗಾರನು ರಾಜನಿಗೆ ಕಣ್ಣು ಹೊಡೆದರೆ ಮುಗಿಯಿತು, ರಾಜನು ತುಟಿಪಿಟಕ್ಕೆನ್ನದೆ ಚಾಪೆಯ ಮೇಲೆ ಉರುಳಬೇಕು. ಜಾಣ ರಾಜರು ಕಣ್ಣು ಮುಚ್ಚಿಕೊಂಡೇ ರಾಜ್ಯಭಾರ ನಡೆಸತೊಡಗಿದ್ದರಿಂದ ಅದನ್ನು ನಿಷೇಧಿಸಬೇಕಾಯಿತು. ಕೊಲೆಯನ್ನು ಕಂಡ ರಾಣಿಯು ಕಿರುಚಬಹುದು, ಇಲ್ಲವೇ ಅರ್ಧ ಅಂಕಕ್ಕೆ ಒಪ್ಪಿ ಸುಮ್ಮನಿರಬಹುದು. ಈವರೆಗೆ ಯಾವ ರಾಣಿಯೂ ಕಿರುಚಿದ್ದನ್ನು ನಾನು ಕಂಡಿಲ್ಲ. ಕೊಲ್ಲುವುದೇನೂ ಕಷ್ಟವಲ್ಲ, ಕೊಂದಾದ ಮೇಲೆ ನಗು ತಡೆದುಕೊಳ್ಳುವುದೇ ಕಷ್ಟ. ಆ ವಿದ್ಯೆಯಲ್ಲಿ ನನ್ನ ಚಿಕ್ಕಮ್ಮನನ್ನು ಮೀರಿಸಿದವರಿಲ್ಲ. ಅವರು ಸೊಪ್ಪು ಬಿಡಿಸುತ್ತ, ತಲೆಯನ್ನು ಅರ್ಧ ಮಾತ್ರ ಎತ್ತಿ, ರಾಜನನ್ನು ಮುಗಿಸಿ, ಮತ್ತೆ ದಂಟಿನಿಂದ ಎಲೆ ಕೀಳುವುದನ್ನು ಯಾವ ಪೊಲೀಸನೂ ಹಿಡಿದದ್ದಿಲ್ಲ.

ನಿಜವಾದ ಒಳಸಂಚುಗಾರರಿಗೆ ಇಷ್ಟು ನಯ ಬೇಕಿರಲಿಲ್ಲವೆಂದು ತೋರುತ್ತದೆ. 1443ರಲ್ಲಿ ವಿಜಯನಗರಕ್ಕೆ ಬಂದ ರಾಯಭಾರಿ ಅಬ್ದುಲ್ ರಜಾಕ್, ತಾನಿನ್ನೂ ಕಲ್ಲಿಕೋಟೆಯಲ್ಲಿದ್ದಾಗ ಇಮ್ಮಡಿ ದೇವರಾಯನ ಮೇಲೆ ಅವನ ತಮ್ಮನೇ ನಡೆಸಿದ ಸಂಚನ್ನು ಬರೆದಿಟ್ಟಿದ್ದಾನೆ. ತಮ್ಮನು ಹೊಸ ಮನೆ ಕಟ್ಟಿಸಿ ಪ್ರಮುಖರನ್ನೆಲ್ಲ ಊಟಕ್ಕೆ ಕರೆದು, ಒಬ್ಬೊಬ್ಬರನ್ನಾಗಿ ಒಳಗೆ ಕರೆಸಿ ಕೊಲ್ಲಿಸಿದನಂತೆ. ಆರ್ತನಾದ ಹೊರಗೆ ಕೇಳಬಾರದೆಂದು ಊರಿನ ನಗಾರಿ, ಕಹಳೆಗಳನ್ನೆಲ್ಲ ತರಿಸಿ ಬಾರಿಸಿದ್ದನಂತೆ. ನಮ್ಮ ಕೊಲೆಗಾರರಿಗೆ ಇರುವುದು ಫ್ಯಾನಿನ ಗಿರಗಿರ ಸದ್ದೊಂದೇ. ಮೈ ಸರಿಯಿಲ್ಲವೆಂದು ಊಟಕ್ಕೆ ಬರಲೊಪ್ಪದ ಅಣ್ಣನನ್ನು ಅರಮನೆಯಲ್ಲೇ ಇರಿದು, ಸತ್ತನೆಂದು ನಂಬಿ, ತಮ್ಮನು ಹೊರಗೆ ನಿಂತು ತಾನೇ ಅರಸನೆಂದು ಸಾರುತ್ತಿದ್ದಾಗ, ಸಿಂಹಾಸನದ ಹಿಂದೆ ಬಿದ್ದಿದ್ದ ದೇವರಾಯ ಎದ್ದು, ಅಂತಃಪುರದ ದಾರಿಯಿಂದ ಹೊರಬಂದು, ತಾನು ಬದುಕಿರುವುದಾಗಿ ಕೂಗಿದನು. ನೆರೆದಿದ್ದ ಜನರೇ ತಮ್ಮನ ಕಥೆ ಮುಗಿಸಿದರು.

ಇದನ್ನು ಮಕ್ಕಳಿಗೆ ಹೇಳಿದ್ದರ ಫಲವಾಗಿ, ಸತ್ತ ರಾಜರೆಲ್ಲ ಚಾಪೆಯಿಂದೆದ್ದು "ನಾನು ದೇವರಾಯ" ಎನ್ನತೊಡಗಿದ್ದಾರೆ. ಹಾಗೆ ಬದುಕುವ ಅವಕಾಶ ಒಬ್ಬರಿಗೆ ಸಂಜೆಗೊಮ್ಮೆ ಮಾತ್ರ ಎಂದು ಚಿಕ್ಕಮ್ಮ ತೀರ್ಪು ಕೊಟ್ಟಿದ್ದಾರೆ. ರಾಣಿಯು ಅಷ್ಟರಲ್ಲಾಗಲೇ ಪಡೆದ ಅರ್ಧ ಅಂಕವನ್ನು ಹಿಂತಿರುಗಿಸಬೇಕೇ ಎಂಬುದು ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ.