ಇಂಗ್ಲಿಷರ ಪಟ್ಟಿ, ನಮ್ಮ ತಪ್ಪು

ಕಳೆದ ಏಪ್ರಿಲ್‌ನಲ್ಲಿ ಹಾಸನದ ಮನೆಗೆ ಹೋಗಿದ್ದಾಗ ಅಣ್ಣನ ಮಗನ ಇಂಗ್ಲಿಷ್ ವ್ಯಾಕರಣ ಪುಸ್ತಕವನ್ನು ಸುಮ್ಮನೆ ತಿರುವಿ ಹಾಕುತ್ತಿದ್ದೆ. ‘ಗೊಂದಲ ಹುಟ್ಟಿಸುವ ಪದಗಳು’ ಎಂಬ ಪಾಠದಲ್ಲಿದ್ದ ಜೋಡಿಗಳಲ್ಲಿ ಹೆಚ್ಚಿನವು, ಇಂಗ್ಲೆಂಡಿನ ಲೀಡ್ಸ್‌ನ ಶಾಲೆಯಲ್ಲಿ ಆರನೆಯ ವರ್ಷದಲ್ಲಿರುವ ನನ್ನ ಮಗಳು ಅದೇ ತಿಂಗಳು ಉರು ಹೊಡೆದಿದ್ದ ಜೋಡಿಗಳೇ ಆಗಿದ್ದವು. ಕೊನೆಯ ‘ಆರ್’ ಅಕ್ಷರಕ್ಕೆ ಮೊದಲು ‘ಎ’ ಬಂದರೆ ನಿಂತಲ್ಲೇ ನಿಂತದ್ದು, ‘ಇ’ ಬಂದರೆ ಕಾಗದ ಪೆನ್ನು ಎಂಬ ಸ್ಟೇಷನರಿ. ಶಾಲೆಯ ಮುಖ್ಯಸ್ಥರೂ ತತ್ತ್ವವೂ ಒಂದೇ ಉಚ್ಚಾರದಲ್ಲಿ ಅಡಗಿರುವ ಪ್ರಿನ್ಸಿಪಲ್. ಅಪಾಸ್ಟ್ರಫಿ ಇರುವ ಇಟ್ಸ್, ಇಲ್ಲದ ಇಟ್ಸ್. ಇವನ್ನು ಕನ್ನಡದಲ್ಲಿ ಬರೆಯಹೊರಟರೆ ಎರಡೂ ಒಂದೇ ಆಗಿಬಿಡುತ್ತವೆ ಎನ್ನುವುದರಲ್ಲೇ ನಾನು ಹೇಳಬೇಕಾದ ಮಾತಿನ ಅರ್ಧ ಭಾಗವಿದೆ.

ಈ ಪಟ್ಟಿ ಇಂಗ್ಲೆಂಡಿನ ಮಕ್ಕಳಿಗೆ ಬೇಕೇ ಬೇಕು. ಇಲ್ಲಿನ ಮಗು ನಾಲ್ಕೈದು ವರ್ಷ ಭಾಷೆಯನ್ನು ಕಿವಿಯಿಂದ ತುಂಬಿಕೊಂಡು, ಆಮೇಲೆ ಶಾಲೆಗೆ ಬಂದು ಸದ್ದಿಗೆ ಅಕ್ಷರ ಹೊಂದಿಸಲು ಕಲಿಯುತ್ತದೆ. ಮೊದಲ ವರ್ಷದ ಮಕ್ಕಳಿಗೆ 2012ರಿಂದ ನಡೆಯುತ್ತಿರುವ ಓದಿನ ತಪಾಸಣೆಯಲ್ಲಿ 40 ಪದಗಳಿರುತ್ತವೆ. ಅವುಗಳಲ್ಲಿ ಅರ್ಧ, ಅರ್ಥವೇ ಇಲ್ಲದ ಕಟ್ಟುಪದಗಳು, ಏಕೆಂದರೆ ಅಲ್ಲಿ ನೋಡುವುದು ಮಗು ಅಕ್ಷರ ಕಂಡು ಸದ್ದು ಹೊರಡಿಸಬಲ್ಲದೇ ಎಂಬುದನ್ನು ಮಾತ್ರ. ಕಾಗುಣಿತ ಬಲ್ಲ ಕನ್ನಡದ ಮಗುವಿಗೆ ಇದೊಂದು ಪರೀಕ್ಷೆಯೇ ಎನಿಸೀತು. ಹೀಗೆ ಕಿವಿಯನ್ನು ನಂಬಿ ಬೆಳೆದ ಮಗು, ಒಂದೇ ಸದ್ದಿಗೆ ಎರಡು ಬರಹವಿರುವ ಕಡೆಯಲ್ಲೆಲ್ಲ ಎಡವುವುದು ಸಹಜ. ಆದ್ದರಿಂದಲೇ 2014ರಲ್ಲಿ ಜಾರಿಗೆ ಬಂದ ಇಲ್ಲಿನ ರಾಷ್ಟ್ರೀಯ ಪಠ್ಯಕ್ರಮವು ಇಂಥ ಜೋಡಿಗಳನ್ನು ತರಗತಿವಾರು ಪಟ್ಟಿ ಮಾಡಿಕೊಟ್ಟಿದೆ, ಆರನೆಯ ವರ್ಷದ ಕೊನೆಯ ಪರೀಕ್ಷೆಯಲ್ಲಿ 20 ಪದಗಳ ಕಾಗುಣಿತಕ್ಕೇ ಒಂದು ಪ್ರತ್ಯೇಕ ಪತ್ರಿಕೆಯಿದೆ. ಇಷ್ಟೆಲ್ಲ ಆದ ಮೇಲೂ ವಾರದ ಸಂತೆಯಲ್ಲಿ ಸೇಬಿನ ಬಹುವಚನಕ್ಕೆ ಅಪಾಸ್ಟ್ರಫಿ ಹಾಕಿದ ಹಲಗೆ ಕಾಣುವುದುಂಟು; ಆ ತಪ್ಪಿಗೆ ‘ತರಕಾರಿ ವ್ಯಾಪಾರಿಯ ಅಪಾಸ್ಟ್ರಫಿ’ ಎಂಬ ಹೆಸರೇ ಇಂಗ್ಲಿಷಿನಲ್ಲಿ ಬಿದ್ದುಹೋಗಿದೆ.

ಇದನ್ನು ಕಂಡು ನಗುವ ಮೊದಲು ನಮ್ಮ ಮನೆಯ ಹಂಚಿನ ತೂತನ್ನೂ ನೋಡಿಕೊಳ್ಳಬೇಕು. ಸಮಾರಂಭವೊಂದರ ಆಹ್ವಾನ ಪತ್ರಿಕೆಯಲ್ಲಿ ‘ಆದರದ ಸ್ವಾಗತ’ ಎಂಬುದರ ಮೊದಲಕ್ಷರಕ್ಕೆ ಹಕಾರ ಸೇರಿ ಊರೆಲ್ಲ ನಕ್ಕ ಕಥೆ ಕನ್ನಡನಾಡಿನ ಪ್ರತಿ ತಾಲ್ಲೂಕಿನಲ್ಲೂ ಒಂದಿದೆ. ಬೆಲೆಯನ್ನು ಬೆಳೆ ಎಂದೂ ಕೊಳ್ಳುವುದನ್ನು ಕೊಲ್ಲುವುದೆಂದೂ ಬರೆಯುವವರು ಭಾಷೆ ತಿಳಿಯದವರಲ್ಲ, ಆಡಿದಂತೆ ಬರೆದವರು. ತಾಯ್ನುಡಿಯಲ್ಲಿ ಮನುಷ್ಯ ಮಾಡುವ ತಪ್ಪು ಬಹುಮಟ್ಟಿಗೆ ಕಿವಿಯ ತಪ್ಪು.

ಇಂಗ್ಲಿಷಿನಲ್ಲಿ ನಮ್ಮ ತಪ್ಪು ಅಲ್ಲಿಂದ ಬರುವುದಿಲ್ಲ. ನಾವು ಆ ಭಾಷೆಯನ್ನು ಕಣ್ಣಿನಿಂದ, ಪುಸ್ತಕದ ಅಕ್ಷರದಿಂದ ಕಲಿತವರು. ನನ್ನ ಅಣ್ಣನ ಮಗ ‘ದೇರ್’ ಎಂಬ ಸದ್ದಿನ ಎರಡು ಪದಗಳನ್ನು ಅದಲುಬದಲು ಮಾಡಿದ್ದನ್ನು ನಾನು ಒಮ್ಮೆಯೂ ಕಂಡಿಲ್ಲ. ಆದರೆ ಅವನು ‘ಐ ಆಮ್ ಲರ್ನಿಂಗ್ ಚೆಸ್ ಸಿನ್ಸ್ ಟೂ ಇಯರ್ಸ್’ ಎಂದು ಬರೆದಿದ್ದ. ಆ ವಾಕ್ಯದಲ್ಲಿ ಇಂಗ್ಲಿಷಿನ ಅಜ್ಞಾನಕ್ಕಿಂತ ಹೆಚ್ಚಾಗಿ ಕನ್ನಡದ ತರ್ಕವಿದೆ. ‘ಬೆಳಿಗ್ಗೆಯಿಂದ’ ಎಂದರೂ ‘ಎರಡು ವರ್ಷದಿಂದ’ ಎಂದರೂ ನಮಗೆ ಸಾಕಾಗುವುದು ಒಂದೇ ‘ಇಂದ’. ಇಂಗ್ಲಿಷ್ ಮಾತ್ರ ಶುರುವಾದ ಗಳಿಗೆಗೆ ‘ಸಿನ್ಸ್’ ಎಂದೂ ಕಳೆದ ಅವಧಿಗೆ ‘ಫಾರ್’ ಎಂದೂ ಬೇರೆ ಮಾಡುತ್ತದೆ. ಸಾಲದ್ದಕ್ಕೆ, ನಾವು ‘ಕಲಿಯುತ್ತಿದ್ದೇನೆ’ ಎಂದು ವರ್ತಮಾನದಲ್ಲಿ ಹೇಳುವುದಕ್ಕೆ ‘ಹ್ಯಾವ್ ಬೀನ್’ ಎಂಬ ಬೇರೆಯದೇ ರೂಪವನ್ನು ಕೇಳುತ್ತದೆ. ಇಪ್ಪತ್ತು ವರ್ಷ ಇಂಗ್ಲಿಷಿನಲ್ಲೇ ಕೆಲಸ ಮಾಡಿದವರೂ ಆಯಾಸವಾದ ಸಂಜೆ ಇಲ್ಲಿ ಜಾರುತ್ತಾರೆ, ನಾನೂ ಜಾರಿದ್ದೇನೆ.

‘ಡೌಟ್’ ನನಗೆ ಇನ್ನೂ ದುಬಾರಿಯಾಯಿತು. ಇಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಸಹೋದ್ಯೋಗಿಯೊಬ್ಬರು ತಮ್ಮ ಲೆಕ್ಕಾಚಾರವನ್ನು ವಿವರಿಸಿ ಮುಗಿಸಿದಾಗ ನಾನು ‘ಐ ಹ್ಯಾವ್ ಎ ಡೌಟ್’ ಎಂದೆ. ‘ಸಂದೇಹವಿದ್ದರೆ ಕೇಳಿ’ ಎಂದು ನಮ್ಮ ಮೇಷ್ಟ್ರು ಪಾಠದ ಕೊನೆಗೆ ಹೇಳುತ್ತಿದ್ದರಲ್ಲ, ಆ ಅರ್ಥದಲ್ಲಿ. ಅವರಿಗೆ ಕೇಳಿಸಿದ್ದು, ಲೆಕ್ಕವೇ ನಂಬಿಕೆಗೆ ಅರ್ಹವಲ್ಲ ಎಂದು, ಮುಖ ಬಿಗಿಯಿತು. ಇಂಗ್ಲಿಷಿನ ಡೌಟ್ ಅಪನಂಬಿಕೆಯ ಕಡೆಗೆ ವಾಲಿದೆ, ನಮ್ಮ ಸಂದೇಹಕ್ಕೆ ವಿದ್ಯಾರ್ಥಿಯ ವಿನಯವೂ ಇದೆ. ಹಾಗೆಯೇ ‘ತುಂಬಾ’ ಎಂಬುದನ್ನು ‘ಟೂ’ ಮಾಡಿ, ಊಟ ‘ಟೂ ಗುಡ್’ ಎಂದು ಹೊಗಳುತ್ತೇವೆ. ‘ವೆರಿ’ಗೆ ಇಲ್ಲದ ಅತಿಯಾಯಿತೆಂಬ ಅರ್ಥ ‘ಟೂ’ಗೆ ಇರುವುದನ್ನು ‘ತುಂಬಾ’ ಮರೆಮಾಡಿಬಿಡುತ್ತದೆ.

ಪಟ್ಟಿಯನ್ನು ಎರವಲು ತಂದಾಗ ಅದರ ಜೊತೆಗಿರುವ ಸುಳಿವುಗಳೂ ನಮಗೆ ಕೆಲಸಕ್ಕೆ ಬಾರವು. ಸಲಹೆ ಎಂಬ ನಾಮಪದಕ್ಕೆ ‘ಸಿ’, ಸಲಹೆ ಕೊಡು ಎಂಬ ಕ್ರಿಯಾಪದಕ್ಕೆ ‘ಎಸ್’ ಎಂಬುದನ್ನು ನೆನಪಿಡಲು ಇಲ್ಲಿನ ಪಠ್ಯಕ್ರಮ ಒಂದು ಉಪಾಯ ಹೇಳುತ್ತದೆ: ಕ್ರಿಯಾಪದವನ್ನು ಉಚ್ಚರಿಸುವಾಗ ಕೊನೆಯ ಸದ್ದು ಝೇಂಕರಿಸಿ ‘ಅಡ್ವೈಜ಼್’ ಎಂದಾಗುತ್ತದೆ, ಅದನ್ನು ಹಿಡಿದು ಪ್ರ್ಯಾಕ್ಟಿಸ್, ಲೈಸೆನ್ಸ್‌ಗಳಿಗೂ ಅದೇ ನಿಯಮ ಹೊಂದಿಸಿಕೊಳ್ಳಿ ಎಂದು. ಮಗಳಿಗೆ ಇದು ಕ್ಷಣದಲ್ಲಿ ಹಿಡಿಯಿತು. ಆದರೆ ಆ ಸದ್ದು ಕನ್ನಡದ ವರ್ಣಮಾಲೆಯಲ್ಲಿಲ್ಲ. ನಮ್ಮಲ್ಲಿ ಎಷ್ಟೋ ಜನರಿಗೆ ಕೊಡುವುದೂ ಅಡ್ವೈಸ್, ಕೊಟ್ಟದ್ದೂ ಅಡ್ವೈಸ್. (ಅಮೆರಿಕದಲ್ಲಿ ಪ್ರ್ಯಾಕ್ಟಿಸ್‌ನ ಎರಡಕ್ಕೂ ‘ಸಿ’ಯೇ, ಲೈಸೆನ್ಸ್‌ನ ಎರಡಕ್ಕೂ ‘ಎಸ್’ಸೇ. ಅಲ್ಲಿರುವ ಕನ್ನಡಿಗರು ಪುಣ್ಯವಂತರು.)

ನಮ್ಮ ಮಕ್ಕಳಿಗೆ ಬೇಕಾದ ಪಟ್ಟಿ ಕನ್ನಡದಿಂದಲೇ ಹೊರಡಬೇಕೆಂಬುದು ನನ್ನ ಅಭಿಪ್ರಾಯ. ಕನ್ನಡ ಬರೀ ಅಡ್ಡಿಯಲ್ಲ, ಬೀಗದ ಕೈಯೂ ಹೌದು. ‘ಹಿಯರ್’ ಮತ್ತು ‘ಲಿಸನ್’ ಬೇರೆ ಎಂದು ಇಂಗ್ಲಿಷಿನಲ್ಲೇ ವಿವರಿಸಲು ಹೋಗಿ ಅರ್ಧ ತಾಸು ಕಳೆಯುವ ಬದಲು, ‘ಕೇಳಿಸಿತು’, ‘ಕೇಳಿದೆ’ ಎಂಬ ಎರಡು ಮಾತು ಹೇಳಿದರೆ ಸಾಕು: ಮೊದಲನೆಯದು ತಾನಾಗಿ ಕಿವಿಗೆ ಬಿದ್ದದ್ದು, ಎರಡನೆಯದು ಮನಸ್ಸಿಟ್ಟು ಕಿವಿಗೊಟ್ಟದ್ದು. ‘ಸೀ’ ಮತ್ತು ‘ಲುಕ್’ ನಡುವಿನ ಅಂತರವೂ ಹೆಚ್ಚು ಕಡಿಮೆ ಕಾಣಿಸುವುದಕ್ಕೂ ನೋಡುವುದಕ್ಕೂ ಇರುವ ಅಂತರವೇ. ಕೆಲಸ ಮುಗಿಸಿಕೊಡಲು ‘ಬೈ ಫ್ರೈಡೇ’ ಎನ್ನಬೇಕೇ ‘ಟಿಲ್ ಫ್ರೈಡೇ’ ಎನ್ನಬೇಕೇ ಎಂದು ತಡವರಿಸುವವರಿಗೆ ‘ಶುಕ್ರವಾರದೊಳಗೆ’, ‘ಶುಕ್ರವಾರದವರೆಗೆ’ ಎಂದು ನೆನಪಿಸಿದರೆ ಗೊಂದಲ ಹರಿಯುತ್ತದೆ. ಕನ್ನಡದ ವ್ಯಾಕರಣ ಚೆನ್ನಾಗಿ ತಿಳಿದ ಮೇಷ್ಟ್ರು ಇದನ್ನು ಒಂದೇ ತರಗತಿಯಲ್ಲಿ ಮಾಡಿಯಾರು. ಇಂಗ್ಲಿಷ್ ತರಗತಿಯಲ್ಲಿ ಕನ್ನಡ ಆಡಿದರೆ ದಂಡ ಹಾಕುವ ಶಾಲೆಗಳಲ್ಲಿ ಇದು ನಡೆಯದು.

ಎಣಿಸುವ ವಸ್ತುವಿಗೆ ‘ಫ್ಯೂಅರ್’, ಅಳೆಯುವುದಕ್ಕೆ ‘ಲೆಸ್’ ಎಂಬ ನಿಯಮದ ಬಗ್ಗೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ನಮಗೆ ಎರಡೂ ‘ಕಡಿಮೆ’. ಇಂಗ್ಲಿಷರಿಗೇ ಅದು ಬಗೆಹರಿಯದೆ, 2008ರಲ್ಲಿ ಟೆಸ್ಕೊ ಎಂಬ ಸೂಪರ್‌ಮಾರ್ಕೆಟ್ ಅಂಗಡಿಗಳು, ಕೆಲವೇ ಸಾಮಾನು ಕೊಂಡವರು ಹಣ ಕೊಡುವ ಸಾಲಿಗೆ, ಎರಡನ್ನೂ ಬಿಟ್ಟು ‘ಹತ್ತು ಸಾಮಾನುಗಳವರೆಗೆ’ ಎಂಬರ್ಥದ ಫಲಕ ಹಾಕಲು ನಿರ್ಧರಿಸಿದವು.

ಅಣ್ಣನ ಮಗನ ನೋಟ್‌ಪುಸ್ತಕದ ಹಿಂದಿನ ಹಾಳೆಯಲ್ಲಿ ಇವನ್ನೆಲ್ಲ ಎರಡು ಸಾಲು ಮಾಡಿ, ಎಡಕ್ಕೆ ಕನ್ನಡ, ಬಲಕ್ಕೆ ಇಂಗ್ಲಿಷ್ ಬರೆದುಕೊಟ್ಟೆ. ಅವನು ಆಸಕ್ತಿಯಿಂದಲೇ ಓದಿದ. ಓದಿ ಮುಗಿಸಿ, “ಚಿಕ್ಕಪ್ಪ, ಪರೀಕ್ಷೆಗೆ ಇದರಲ್ಲಿ ಯಾವುದು ಬರುತ್ತದೆ?” ಎಂದು ಕೇಳಿದ. ಸ್ಟೇಷನರಿಯ ಎರಡು ಕಾಗುಣಿತವನ್ನು ಓದಿಕೋ ಎಂದು ಹೇಳಿದೆ.